ಕೇಸು ಬಿಟ್ಟುಕೊಟ್ಟ ಡಾಕ್ಟರ್

"ಮಗೂಗೆ ಯಾರಾದ್ರೂ ಹೊಡೆದ್ರಾ?"

ಮಕ್ಕಳ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆಯೇ ಇದು! ಅವಳ ಮೈಯೆಲ್ಲ ಉರಿದುಹೋಯಿತು.

ಅವಳು ಟೈಲರ್. ಅಕ್ಕ ಹಸಿ ಬಾಣಂತಿ, ಭಾವ ಕೆಲಸದ ಮೇಲೆ ಪರವೂರಿನಲ್ಲಿ. ಹಾಗಾಗಿ ಅಕ್ಕನ ಆರು ವರ್ಷದ ಮಗಳು ಗಿಣಿಯನ್ನು ತಾನೇ ಎತ್ತಿಕೊಂಡು ಓಡಿಬಂದಿದ್ದಳು. ಮಗುವಿನ ಕಾಲ ತುಂಬ ನೇರಳೆ ಚುಕ್ಕೆಗಳು, ಪಾದದ ಗಂಟು ಊದಿತ್ತು.

"ನನ್ನ ನೋಡಿದ್ರೆ ಹೊಡೆಯೋಳ ಥರ ಕಾಣ್ತೀನಾ?"

"ಈಗ ಸ್ವಲ್ಪ ಹಾಗೇ ಕಾಣ್ತಿದೀರಿ..."

ಗಿಣಿ ಕಿಸಕ್ಕೆಂದಳು. "ಚಿಕ್ಕಿ ಬರೀ ಬೈತಾಳೆ ಡಾಕ್ಟ್ರೇ, ಹೊಡೆಯಲ್ಲ!"

ಅವನು ಚುಕ್ಕೆಗಳನ್ನು ಒತ್ತಿ ನೋಡಿದ. "ಬೇಜಾರಾಗ್ಬೇಡಿ, ಇಂಥ ಗುರುತು ಕಂಡ್ರೆ ನಾವು ಕೇಳಲೇಬೇಕು. ಇದು ಪೆಟ್ಟಲ್ಲ. ಸಣ್ಣ ರಕ್ತನಾಳಗಳು ಊದ್ಕೊಂಡಿವೆ. ಹೆಚ್ಚಿನ ಮಕ್ಕಳಿಗೆ ತಾನಾಗೇ ವಾಸಿಯಾಗತ್ತೆ. ಆದ್ರೆ ಹೊಟ್ಟೆ ಮೇಲೆ ಗಮನ ಇರ್ಲಿ. ಜೋರು ನೋವು, ವಾಂತಿ, ಮಲದಲ್ಲಿ ರಕ್ತ... ಒಂದು ಕಂಡ್ರೂ ತಕ್ಷಣ ಬನ್ನಿ."

ಮೂರನೇ ದಿನ ಬೆಳಿಗ್ಗೆ ಗಿಣಿ ಹೊಟ್ಟೆ ಹಿಡಿದು ಮುದುಡಿದಳು. ಮಲದಲ್ಲಿ ರಕ್ತ!

ಸ್ಕ್ಯಾನಿಂಗ್ ಕೋಣೆಯಿಂದ ಬಂದ ಅವನ ಮುಖದಲ್ಲಿ ನಗು ಇರಲಿಲ್ಲ.

"ಕರುಳಿನ ಒಂದು ಭಾಗ ಪಕ್ಕದ ಭಾಗದೊಳಗೆ ನುಗ್ಗಿ ಕೂತಿದೆ."

"ಅಂಗಿ ತೋಳು ಒಳಗೊಳಗೇ ಸಿಕ್ಕಿಕೊಂಡ ಹಾಗಾ?"

"ಹಾಗೇ. ಆಪರೇಷನ್ ಮಾಡಿ ಬಿಡಿಸ್ಬೇಕು. ತಡ ಮಾಡೋ ಹಾಗಿಲ್ಲ."

ಅವಳು ಕೂಡಲೇ ಅಕ್ಕನಿಗೆ ಕರೆ ಮಾಡಿದಳು. ಫೋನಿನಲ್ಲಿ ಅಕ್ಕ ಬಿಕ್ಕುತ್ತಲೇ ಒಪ್ಪಿಗೆ ಕೊಟ್ಟಳು.

ಆಪರೇಷನ್ ಕೋಣೆಯ ಹೊರಗಿನ ಬೆಂಚಿನ ಮೇಲೆ ಅವನೂ ಬಂದು ಕೂತ.

"ನಿಮ್ಮ ಡ್ಯೂಟಿ ಮುಗೀತಲ್ಲ, ಮನೆಗೆ ಹೋಗಲ್ವಾ?"

"ಹೋದ್ರೂ ಮನಸ್ಸು ಇಲ್ಲೇ ಇರತ್ತೆ."

ಎರಡು ಗಂಟೆ ಎರಡು ಯುಗದಂತೆ ಕಳೆಯಿತು. ಸರ್ಜನ್ ಹೊರಬಂದು ಮಾಸ್ಕ್ ಇಳಿಸಿದರು. "ಬಿಡಿಸಿದ್ವಿ. ಕರುಳು ಚೆನ್ನಾಗಿದೆ, ಕತ್ತರಿಸೋ ಪ್ರಸಂಗ ಬರ್ಲಿಲ್ಲ."

ಅವಳು ಅತ್ತೇಬಿಟ್ಟಳು... ಅದೂ ಅವನ ತೋಳಿಗೆ ಹಣೆಯಿಟ್ಟು!

ಗಿಣಿ ಮನೆಗೆ ಬಂದಳು. ಕಿಡ್ನಿಗೆ ತೊಂದರೆಯಾಗಿಲ್ಲ ಎಂದು ಖಾತ್ರಿಯಾಗಲು ಇನ್ನು ಆರು ತಿಂಗಳು ಆಗಾಗ ಮೂತ್ರ ಪರೀಕ್ಷೆ. ಮೊದಲ ಸಲ ಹೋಗುವಾಗ ಅವಳು ಎರಡು ಸೀರೆ ಬದಲಾಯಿಸಿದ್ದಳು. ಆದರೆ ಅಲ್ಲಿದ್ದದ್ದು ಬೇರೆ ಡಾಕ್ಟರ್!

"ಅವರೇ ಕೇಳಿ ಈ ಕೇಸು ಬಿಟ್ಟುಕೊಟ್ರು," ಎಂದಳು ನರ್ಸ್.

'ನನ್ನ ಮುಖ ನೋಡೋಕೂ ಬೇಡವಾಯ್ತಾ? ಛೇ, ಆವತ್ತು ನಾನು ಹಾಗೆ ಅಳಬಾರದಿತ್ತು...'

ಆರು ತಿಂಗಳು ಕಳೆಯಿತು. ಕೊನೆಯ ಪರೀಕ್ಷೆಯಲ್ಲೂ ಏನೂ ದೋಷವಿರಲಿಲ್ಲ. ಗಿಣಿಯ ಕೈ ಹಿಡಿದು ಹೊರಟಾಗ ಅವನು ಎದುರಾದ. ಅವಳು ಮುಖ ತಿರುಗಿಸಿದಳು.

"ಒಂದ್ನಿಮಿಷ..."

"ಯಾಕೆ? ಇನ್ಯಾವ ಡಾಕ್ಟರಿಗೆ ಒಪ್ಪಿಸ್ತೀರಿ ನಮ್ಮನ್ನ?"

"ಮಗು ನನ್ನ ಕೈಯಲ್ಲಿರುವಾಗ ಅದರ ಚಿಕ್ಕಮ್ಮನ ಮೇಲೆ ಮನಸ್ಸಿಡೋದು ಸರಿ ಅಲ್ಲ. ಮನಸ್ಸು ಮಾತು ಕೇಳ್ಲಿಲ್ಲ. ಅದಕ್ಕೇ ಕೇಸು ಬಿಟ್ಟೆ. ಇವತ್ತಿಗೆ ಎಲ್ಲಾ ಮುಗೀತು, ಈಗ ಹೇಳ್ಬಹುದು..." ಅವನು ಉಸಿರು ಎಳೆದುಕೊಂಡ. "ನೀವಂದ್ರೆ ನಂಗೆ ತುಂಬಾ ಇಷ್ಟ."

ಅವಳ ಕಣ್ಣು ತುಂಬಿ ಬಂತು. "ಆರು ತಿಂಗಳು ಉರಿಸಿ ಈಗ ಹೇಳ್ತೀರಾ!"

"ಚಿಕ್ಕಿ, ಬೇಗ ಹೂಂ ಅನ್ನು! ನಂಗೆ ಹಸಿವಾಗ್ತಿದೆ!"

ಮೂವರೂ ನಕ್ಕರು.

"ಮನೆಗೆ ಬಂದು ಅಕ್ಕ-ಭಾವನ ಹತ್ರ ಮಾತಾಡಿ," ಎಂದಳು ಅವಳು, ನೆಲ ನೋಡುತ್ತ. "ಮತ್ತೆ... ಈ 'ನೀವು' ಬೇಡ."

"ಸರಿ." ಅವನ ದನಿ ಮೆತ್ತಗಾಯಿತು. "ಭಾನುವಾರ ಮನೆಗೆ ಬರ್ತೀನಿ. ಅಲ್ಲೀವರೆಗೆ ನಂಗಾಗಿ ಕಾಯ್ತೀಯಾ?"

"ಇಷ್ಟು ದಿನ ಮಾಡಿದ್ದೇನು ಮತ್ತೆ!"