ಬಣ್ಣಕ್ಕೆ ಕಾದಿದ್ದ ಕಲ್ಲುಮನೆ

ಒಂದಾನೊಂದು ಬೆಟ್ಟದ ನೆತ್ತಿಯಲ್ಲಿ, ಮೋಡವೇ ಬಂದು ಬಾಗಿಲು ತಟ್ಟುವಷ್ಟು ಎತ್ತರದಲ್ಲಿ, ಒಂದು ಕಲ್ಲುಮನೆಯಿತ್ತಂತೆ. ಮಳೆನೀರು ಇಳಿಯದಿರಲೆಂದು ಗೋಡೆಯ ತುಂಬ ಚಪ್ಪಡಿಗಳು ಕಣ್ರೆಪ್ಪೆಗಳ ಹಾಗೆ ಹೊರಚಾಚಿದ್ದವಂತೆ...

ಅಂತೆಯೇನು, ಸೌದಿಯ ಖಮೀಸ್ ಮುಶೈತ್ ಊರಿನ ಹತ್ತಿರ ಆ ಮನೆ ಈಗಲೂ ಇದೆ. ಅದರ ನಡುಮನೆಯಲ್ಲಿ ನಿಂತು ಉಳ್ಳಾಲದ ಹುಡುಗಿ, ಮನೆಯ ದುರಸ್ತಿಗೆ ಬಂದ ಆರ್ಕಿಟೆಕ್ಟ್ ನಬೀಹಾ, ಕೂಗಾಡುತ್ತಿದ್ದಳು!

"ಈ ಗೋಡೆಗೆ ಬಣ್ಣ ಹೊಡೆಸಿದ್ದು ಯಾರು?"

"ನಾನೇ. ಮುಆಝ್, ಹೊಸ ಎಂಜಿನಿಯರ್, ಭಟ್ಕಳದವನು. ನಿಮ್ಮ ಕೈ ಉಳುಕಿದೆ ಅಂದ್ರು. ಪೇಂಟರ್ ಕರೆಸಿ ಮುಗಿಸಿಬಿಟ್ಟೆ. ಚಂದ ಆಗಿದೆ ಅಲ್ವಾ?"

"ಎಂತ ಚಂದ ಮಾರಾಯ್ರೆ! ಇಲ್ಲಿ ಒಳಗೋಡೆ ಬರೆಯುವುದು ಹೆಂಗಸರು. ಮನೆಯೊಡತಿ, ನೆರೆಯವರು ಸೇರಿ ಬರಿಗೈಯಲ್ಲಿ ಎಳೆಯುವ ಗೆರೆ. ನೀವು ಬಿಸ್ಕತ್ತಿನ ಹಾಗೆ ಅಚ್ಚು ಒತ್ತಿಸಿದ್ದೀರಿ!"

ಅವಳ ಕಣ್ಣು ತುಂಬಿತು. ಮನೆಯೊಡತಿ ಆಸಿಯಾ ಶುಕ್ರವಾರ ಆಸ್ಪತ್ರೆಯಿಂದ ಬರುವವರಿದ್ದರು. 'ನೀವು ಬರುವಾಗ ಗೋಡೆ ಮೊದಲಿನ ಹಾಗೇ ಇರುತ್ತದೆ' ಎಂದು ಅವರಿಗೆ ಮಾತು ಕೊಟ್ಟವಳು ನಬೀಹಾಳೇ.

ನನ್ನ ಕೈಯಿಂದ ಆಗದು ಎಂದು ಇವನೇ ತೀರ್ಮಾನಿಸಿಬಿಟ್ಟನಲ್ಲ... ಎಷ್ಟು ಸೊಕ್ಕು!

ಮರುದಿನ ಬಂದರೆ, ಗೋಡೆ ಬೋಳು ಬಿಳಿ! ಮೂಲೆಯಲ್ಲಿ ಮುಆಝ್, ಹುಬ್ಬು ಮೀಸೆಯೆಲ್ಲ ಸುಣ್ಣ.

"ಎಲ್ಲ ಕೆರೆದು ಸುಣ್ಣ ಹೊಡೆದೆ. ನಿಮ್ಮ ಕೈಗೆ ನೋವಾಗದಿರಲಿ ಅಂತ ಮಾಡಿದ್ದು... ನಿಮಗೇ ನೋವಾಯ್ತು. ಇನ್ನು ನಾನು ಹೊರಗೇ. ಬಣ್ಣ ಕಲಸಿ ಕಿಟಕಿಯಿಂದ ಕೊಡ್ತೇನೆ."

ಸಿಟ್ಟು ಎಲ್ಲಿ ಹೋಯಿತೋ!

ಆಸಿಯಾರ ಮಗಳು ಬಸ್ಮಾ ನೆರೆಯ ಹೆಂಗಸರನ್ನು ಕರೆತಂದಳು. ಪುಟ್ಟ ಕಿಟಕಿಯಿಂದ ಕೆಂಪು ಬಂತು, ಹಸಿರು ಬಂತು. ಆಮೇಲೆ ಚಹಾ ಬಂತು, ಅವಳ ಮಣಿಕಟ್ಟಿಗೆ ಮುಲಾಮೂ ಬಂತು!

ಶುಕ್ರವಾರ ಆಸಿಯಾ ಬಂದು, ಗೋಡೆ ಸವರುತ್ತ ಕುಳಿತರು. ಉಳಿದದ್ದು ಒಂದೇ ಗೆರೆ. ನಬೀಹಾ ಕುಂಚ ಎತ್ತಿದಳು. ಕಿಟಕಿಯಾಚೆ ಮುಆಝ್ ಏನೋ ಗುನುಗಿದ.

"ಎಂತ? ಗೋಡೆ ದಪ್ಪ, ಕೇಳುವುದಿಲ್ಲ!"

"ನಿಮ್ಮ ಮನೆಗೆ... ನಮ್ಮಮ್ಮನ್ನ..."

"ಗಟ್ಟಿಯಾಗಿ ಹೇಳಿ!"

"ನಿಮ್ಮನ್ನ ಮದುವೆ ಆಗ್ಬೇಕು ಅಂತಿದೆ! ಅಮ್ಮನ್ನ ಉಳ್ಳಾಲಕ್ಕೆ ಕಳಿಸ್ಲಾ?"

ಒಳಗಿದ್ದ ಬೇರೆ ಯಾರಿಗೂ ಕನ್ನಡ ಬಾರದು. ಆದರೆ ನಬೀಹಾಳ ಮುಖ ಓದಲು ಭಾಷೆ ಬೇಕೇ? ಹೆಂಗಸರು ಗೊಳ್ಳೆಂದರು. "ಯಲ್ಲಾ, ಬೇಗ ಮಗಳೇ," ಆಸಿಯಾ ಅರಬಿಯಲ್ಲಿ ಗದರಿದರು, "ಬಣ್ಣ ಒಣಗ್ತದೆ!"

"ಕಳಿಸಿ," ಎಂದಳು ನಬೀಹಾ, ಮೆಲ್ಲಗೆ.

"ಏನಂದ್ರಿ?"

"ಸುಳ್ಳು! ನಿಮಗೆ ಕೇಳಿಸಿದೆ."

"ಕೇಳಿಸ್ತು... ಇನ್ನೊಂದು ಸಲ ಹೇಳಿ ಅಂತ."

"ಕಳಿಸಿ ಮಾರಾಯ್ರೆ, ಬೇಗ ಕಳಿಸಿ!"

ನಗು ತಡೆಯುತ್ತಲೇ ಅವಳು ಕೊನೆಯ ಕೆಂಪು ಗೆರೆಯನ್ನು ಗೋಡೆಯ ಮೂಲೆಗೆ ಮುಟ್ಟಿಸಿದಳು. ತುಸು ಡೊಂಕಾಯಿತು. ಅದನ್ನು ಯಾರೂ ತಿದ್ದಲಿಲ್ಲ.