ಮಾಚಲೆ ಉಳಿಸಿದ ಬಿಳುಪು

ಬಹಳ ಹಿಂದೆ, ನದಿಗಳಿಗೆಲ್ಲ ಇನ್ನೂ ಹೆಸರಿಟ್ಟು ಮುಗಿದಿರದ ಕಾಲದಲ್ಲಿ, ತೊರೆನಾಡು ಎಂಬ ರಾಜ್ಯವಿತ್ತು. ಅಲ್ಲಿಯ ದೊಡ್ಡ ನದಿಯ ದಡದಲ್ಲಿ ಕೇತ ಎಂಬ ಅಂಬಿಗನೂ ಅವನ ಹೆಂಡತಿ ಮಾಚಲೆಯೂ ಇದ್ದರು. ಕೇತ ದೋಣಿ ನಡೆಸುತ್ತಿದ್ದ, ಮಾಚಲೆ ಮನೆಮನೆಯ ಗೋಡೆಗೆ ಚಿತ್ರ ಬರೆಯುತ್ತಿದ್ದಳು. ಕೇತ ನಕ್ಕರೆ ಆಚೆ ದಡದವರಿಗೂ ಕೇಳಿಸುತ್ತಿತ್ತು. ಮಾಚಲೆ ಹಟ ಹಿಡಿದರೆ ಆಚೆ ದಡದವರೂ ದಾರಿ ಬಿಡುತ್ತಿದ್ದರು. ಇಬ್ಬರಿಗೂ ಚೆನ್ನಾಗಿ ಹೊಂದಿತ್ತು.

ಒಂದು ದಿನ ಮಸಿರಾಯ ಎಂಬ ಮಾಂತ್ರಿಕ ಕೇತನ ದೋಣಿ ಹತ್ತಿದ. ಅವನು ಹೊಗೆಯಿಂದ ಹುಟ್ಟಿದವನು, ಮುಟ್ಟಿದ್ದಕ್ಕೆಲ್ಲ ಕರೆ ಹತ್ತಿಸುವವನು. ಸೊಂಟದಲ್ಲಿ ಒಂದು ಸೋರೆ ಬುರುಡೆ ಕಟ್ಟಿಕೊಂಡಿದ್ದ. ಲೋಕದ ಬೆಳಕೆಲ್ಲ ತನ್ನೊಬ್ಬನ ಬುರುಡೆಯಲ್ಲಿರಬೇಕೆಂದು ಅವನ ಆಸೆ. ದೋಣಿ ನಡುನೀರಿಗೆ ಬಂದಾಗ ಬುರುಡೆಯ ಬಾಯಿ ತೆರೆದು ಕೂಗಿದ:

“ಜನ ಬಿಳಿ ಬಿಳಿ ಅಂತ ಹೊಗಳೋದೆಲ್ಲ ಇದರೊಳಕ್ಕೆ ಬಾ!”

ಬಂತು. ನದಿಯ ನೊರೆಯ ಬಿಳುಪು ಬಂತು, ಕೊಕ್ಕರೆಯ ಬಿಳುಪು ಬಂತು. ಮಲ್ಲಿಗೆ, ಉಪ್ಪು, ಅಕ್ಕಿ, ಸುಣ್ಣ, ಹಾಲು, ಕೊನೆಗೆ ಆಕಾಶದ ಚಂದ್ರ, ಎಲ್ಲದರ ಬಿಳುಪೂ ಸುಯ್ ಎಂದು ಬುರುಡೆಗೆ ಇಳಿಯಿತು. ಕೇತ ಹುಟ್ಟು ಬಿಸಾಡಿ ಬುರುಡೆಗೆ ಕೈಹಾಕಿದ. ಮಸಿರಾಯ ಅವನ ಕಣ್ಣಿನ ಹೊಳಪನ್ನೂ ಹಲ್ಲಿನ ಹೊಳಪನ್ನೂ ಮೈಮೇಲಿದ್ದ ಬಿಸಿಲನ್ನೂ ಒಂದೇ ಉಸಿರಿಗೆ ಎಳೆದುಕೊಂಡ. ಕೇತ ದೋಣಿಯ ಹಲಗೆಯ ಮೇಲೆ ಬರೀ ನೆರಳಾಗಿ ಬಿದ್ದ. ಮಾಂತ್ರಿಕ ಆ ನೆರಳನ್ನು ಚಾಪೆಯ ಹಾಗೆ ಸುತ್ತಿ ಕಂಕುಳಲ್ಲಿಟ್ಟುಕೊಂಡು ತನ್ನ ಬೆಟ್ಟದ ಕಡೆ ಹಾರಿದ. ದಡದಲ್ಲಿ ನಿಂತಿದ್ದ ಮಾಚಲೆ ಎಲ್ಲವನ್ನೂ ನೋಡಿದಳು.

ಅವಳು ಅರಮನೆಗೆ ಓಡಿದಳು. ಅಲ್ಲಿ ರಾಜ ಕನ್ನಡಿಯ ಮುಂದೆ ನಿಂತಿದ್ದ. ನರೆತ ಮೀಸೆಯ ಬಿಳುಪು ಹೋಗಿ ಅವನು ಹುಡುಗನ ಹಾಗೆ ಕಾಣುತ್ತಿದ್ದ. ಪ್ರಜೆಗಳ ಮಕ್ಕಳು ಮಸಿಬಣ್ಣದ ಹಾಲು ನೋಡಿ ಕಿರುಚುತ್ತಿದ್ದರೂ ಅವನಿಗೆ ಅಂಥ ಅವಸರವಿರಲಿಲ್ಲ.

“ನೋಡೋಣ, ಯೋಚನೆ ಮಾಡೋಣ,” ಎಂದ ರಾಜ.

“ನೀವು ಯೋಚನೆ ಮಾಡ್ತಿರಿ ಬುದ್ಧಿ. ನಾನು ಹೋಗಿ ಬರ್ತೀನಿ,” ಎಂದಳು ಮಾಚಲೆ.

ಮಸಿರಾಯನ ಬೆಟ್ಟಕ್ಕೆ ಒಂದು ಗುಣವಿತ್ತು. ಅಲ್ಲಿ ಸರಿಯಾಗಿ ಬರೆದ ಚಿತ್ರಕ್ಕೆ ಜೀವ ಬರುತ್ತಿತ್ತು. ಇದು ಎಲ್ಲರಿಗೂ ಗೊತ್ತಿತ್ತು, ಆದರೆ ಬರೆಯಬಲ್ಲವರು ಯಾರೂ ಅತ್ತ ಹೋಗಿರಲಿಲ್ಲ. ಮಾಚಲೆ ಬಣ್ಣದ ಚಿಪ್ಪುಗಳನ್ನೂ ಕುಂಚಗಳನ್ನೂ ಸೆರಗಿಗೆ ಕಟ್ಟಿಕೊಂಡಳು. ಗೋಡೆಯನ್ನು ಹೊತ್ತುಕೊಂಡು ಹೋಗಲಾಗುವುದಿಲ್ಲವಲ್ಲ! ಅವಳ ಅಪ್ಪ ಹಳೆ ಬಟ್ಟೆ ಅರೆದು ಮಾಡಿದ್ದ ಕಾಗದದಲ್ಲಿ ನಾಲ್ಕೇ ಹಾಳೆ ಪೆಟ್ಟಿಗೆಯೊಳಗೆ ಉಳಿದಿತ್ತು. ಅದನ್ನು ಸುತ್ತಿಕೊಂಡು ಹೊರಟಳು.

ಬೆಟ್ಟದ ಬುಡದಲ್ಲಿ ಒಂದು ಕೋಣ ಅಡ್ಡ ಮಲಗಿತ್ತು. ಅದರ ಕೊಂಬುಗಳೇ ಬೆಟ್ಟದ ಮೊದಲ ಬಾಗಿಲು.

“ಹಗಲೂ ರಾತ್ರಿ ಇಲ್ಲೇ ಕಾವಲು ನನ್ನದು. ನನಗಿದ್ದ ಒಂದೇ ಸುಖ ಚಂದ್ರನ್ನ ನೋಡೋದು. ಅದೂ ಹೋಯ್ತು,” ಎಂದಿತು ಕೋಣ. “ಚಂದ್ರನ್ನ ಕೊಡು, ದಾರಿ ಬಿಡ್ತೀನಿ. ಇಲ್ಲದಿದ್ರೆ ತಿವೀತೀನಿ.”

ಮಾಚಲೆ ಕಲ್ಲಿನ ಮೇಲೆ ಹಾಳೆ ಹಾಸಿದಳು. ನೀಲಿಗೆ ಕಾಡಿಗೆ ಬೆರೆಸಿ, ನೀರು ಹಾಕಿ, ಹಾಳೆಯ ತುಂಬ ಆಕಾಶ ಬಳಿದಳು. ಗೋಡೆಯ ಮೇಲೆ ಅವಳು ಮಾಡುತ್ತಿದ್ದುದೇ ಹಾಗೆ. ಮೊದಲು ಹಿನ್ನೆಲೆ, ಕೊನೆಗೆ ಸುಣ್ಣದಲ್ಲಿ ಬಿಳಿ. ಬಳಿದು ಮುಗಿಸಿ ಅಭ್ಯಾಸಬಲದಿಂದ ಸುಣ್ಣದ ಚಿಪ್ಪಿಗೆ ಕುಂಚ ಅದ್ದಿದಳು. ಕುಂಚದ ತುದಿಗೆ ಬೂದುಬಣ್ಣದ ರಾಡಿ ಬಂತು. ಸುಣ್ಣದ ಬಿಳುಪೂ ಬುರುಡೆಯೊಳಗಿತ್ತು!

“ಒಂದು ಹಾಳೆ ಹಾಳಾಯ್ತು,” ಎಂದಿತು ಕೋಣ, ಕೊಂಬು ಅಲ್ಲಾಡಿಸುತ್ತ.

ಮಾಚಲೆಗೆ ಅಳು ಬಂತು. ಹಾಳೆಯನ್ನು ಎತ್ತಿ ಎಸೆಯಬೇಕು, ಅಷ್ಟರಲ್ಲಿ ಅದರ ಅಂಚು ಕಣ್ಣಿಗೆ ಬಿತ್ತು. ಬಳಿಯುವಾಗ ಅಲ್ಲಿ ಎಡಗೈ ಹೆಬ್ಬೆರಳು ಊರಿದ್ದಳು. ಬೆರಳಿದ್ದಷ್ಟು ಜಾಗಕ್ಕೆ ನೀಲಿ ತಾಗಿರಲಿಲ್ಲ. ಸುತ್ತಲಿನ ಕಪ್ಪಿನ ನಡುವೆ ಆ ಹೆಬ್ಬೆರಳಿನ ಗುರುತು ಬೆಳಗುತ್ತಿತ್ತು.

ಮಾಚಲೆ ಅದನ್ನೇ ನೋಡುತ್ತ ಕುಳಿತಳು. ಮಲ್ಲಿಗೆಯನ್ನು ಜನ ಹೊಗಳಿದ್ದರು, ಹಾಲನ್ನು ಹೊಗಳಿದ್ದರು. ಕಾಗದವನ್ನು ಯಾರು ಹೊಗಳಿದ್ದರು? ಅದು ಬರೀ ಖಾಲಿ ಹಾಳೆ, ಏನಾದರೂ ತುಂಬಲಿಕ್ಕೆ ಇರುವುದು. ಹಾಗಾಗಿ ಮಾಂತ್ರಿಕನ ಕೂಗು ಅದನ್ನು ಮುಟ್ಟಿರಲೇ ಇಲ್ಲ.

“ಕೋಣಣ್ಣ, ಚಂದ್ರನ್ನ ನಾನು ಬರೆಯೋದಿಲ್ಲ. ಬಿಡ್ತೀನಿ,” ಎಂದಳು.

ಎರಡನೆಯ ಹಾಳೆ ಹಾಸಿದಳು. ಈ ಸಲ ಕುಂಚ ಎತ್ತುವ ಮೊದಲೇ ಚಂದ್ರನ ಜಾಗ ಗೊತ್ತುಮಾಡಿಕೊಂಡಳು. ಅದರ ಸುತ್ತ, ಉಸಿರು ಬಿಗಿಹಿಡಿದು, ಕತ್ತಲೆ ಬಳಿದಳು. ಒಂದು ಹನಿ ಒಳಕ್ಕೆ ಜಾರಿದರೂ ಮುಗಿಯಿತು! ಕತ್ತಲೆ ಸುತ್ತಿ ಬಂದು ಕೂಡಿಕೊಂಡಿತು, ನಡುವೆ ಕಾಗದ ದುಂಡಗೆ ಉಳಿಯಿತು. ಉಳಿದದ್ದು ಹೊಳೆಯತೊಡಗಿತು. ಕೋಣದ ಮೂತಿಯ ಮೇಲೆ ಬೆಳದಿಂಗಳು ಬಿತ್ತು.

ಕೋಣ ಎದ್ದು ನಿಂತಿತು. ಚಿತ್ರವನ್ನು ಕೊಂಬಿಗೆ ಸಿಕ್ಕಿಸಿಕೊಂಡು ಪಕ್ಕಕ್ಕೆ ಸರಿಯಿತು.

ಬೆಟ್ಟದ ನಡುವೆ ಒಂದು ಕಮರಿ, ಕಮರಿಗೆ ಒಂದೇ ಸೇತುವೆ. ಸೇತುವೆಗೆ ಒಂದು ಮುದಿ ಹೆಬ್ಬಾವು ಸುತ್ತಿಕೊಂಡಿತ್ತು.

“ತಂಗಿ, ನಾನು ಮಲಗ್ತಿದ್ದಿದ್ದು ಮಲ್ಲಿಗೆ ಚಪ್ಪರದಡಿ,” ಎಂದಿತು ಹೆಬ್ಬಾವು. “ಈಗ ಅದು ಮಸಿ ಹಿಡಿದು ಸತ್ತಿದೆ. ನಂಗೆ ಚಪ್ಪರದ ತುಂಬ ಹೂವು ಬೇಕು. ಎಣಿಸೋಕೆ ಆಗಬಾರದು, ಅಷ್ಟು.”

ಒಂದು ಚಂದ್ರನನ್ನು ಬಿಡಬಹುದು. ಸಾಸಿವೆಯಷ್ಟು ಸಣ್ಣ ಲೆಕ್ಕವಿಲ್ಲದ ಮೊಗ್ಗುಗಳ ಸುತ್ತ ಕುಂಚ ಆಡಿಸುವುದು ಹೇಗೆ? ಅಷ್ಟರಲ್ಲಿ ಹಸಿರು ಒಣಗಿ ಕರೆಕಟ್ಟುತ್ತದೆ. ಮಾಚಲೆ ತನ್ನ ಹೆಬ್ಬೆರಳನ್ನು ನೋಡಿಕೊಂಡಳು. ಮುಚ್ಚಿದ ಕಡೆ ಬಣ್ಣ ತಾಗುವುದಿಲ್ಲ. ಆದರೆ ಅಷ್ಟು ಬೆರಳು ಎಲ್ಲಿಂದ ತರುವುದು?

ಕಮರಿಯ ಅಂಚಿನಲ್ಲಿ ಒಂದು ಹಲಸಿನ ಮರವಿತ್ತು. ಮಾಚಲೆ ಎಳೆಗಾಯಿಯೊಂದನ್ನು ಕೊಯ್ದಳು. ತೊಟ್ಟಿನಿಂದ ಮೇಣ ಸುರಿಯಿತು. ಹಾಲಿನಂಥ ಬಿಳಿ ಎಂದು ಜನ ಅದನ್ನೂ ಹೊಗಳಿದ್ದರಿಂದ ಅದೂ ಮಸಿಬಣ್ಣವೇ, ಆದರೆ ಅಂಟು ಅಂಟೇ ತಾನೆ! ಕಡ್ಡಿಯ ತುದಿಯಿಂದ ಮೂರನೆಯ ಹಾಳೆಯ ಮೇಲೆ ಮೇಣದ ಚುಕ್ಕಿ ಇಡುತ್ತ ಹೋದಳು. ಬೆನ್ನು ಹಿಡಿದುಕೊಂಡಿತು, ಬೆರಳು ಬೆರಳಿಗೆ ಅಂಟಿತು. ಅವಳು ಏಳಲಿಲ್ಲ.

“ಮಸಿ ಚುಕ್ಕಿ ಇಟ್ಟು ನನ್ನನ್ನ ಹಂಗಿಸ್ತೀಯಾ?” ಎಂದು ಹೆಬ್ಬಾವು ಬುಸುಗುಟ್ಟಿತು.

“ಒಣಗೋವರೆಗೆ ತಡಕೋ ಅಕ್ಕ.”

ಮೇಣ ಒಣಗಿದ ಮೇಲೆ ಕುಂಚ ತುಂಬ ಹಸಿರು ತೆಗೆದುಕೊಂಡು, ಎಲ್ಲಿಯೂ ತಡೆಯದೆ, ಚಪ್ಪರದುದ್ದಕ್ಕೂ ಬಳಿದುಬಿಟ್ಟಳು. ಹಸಿರೂ ಒಣಗಿತು. ಆಮೇಲೆ ಬೆರಳಿನಿಂದ ಮೆಲ್ಲಗೆ ಉಜ್ಜಿದಳು. ಮೇಣ ಸುರುಳಿಸುರುಳಿಯಾಗಿ ಎದ್ದು ಬಂತು. ಅದು ಎದ್ದಲ್ಲೆಲ್ಲ ಒಂದೊಂದು ಮಲ್ಲಿಗೆ ಅರಳಿತು, ಕಮರಿಯ ತುಂಬ ಪರಿಮಳ ಹಬ್ಬಿತು. ಹೆಬ್ಬಾವು ಸೇತುವೆಯನ್ನು ಬಿಟ್ಟು ಚಿತ್ರದ ಕೆಳಗೆ ಸುತ್ತಿಕೊಂಡು ಮಲಗಿತು. ಮಾಚಲೆ ದಾಟುವ ಹೊತ್ತಿಗೆ ಅದಕ್ಕೆ ನಿದ್ದೆ ಬಂದಿತ್ತು.

ತುದಿಯಲ್ಲಿ ಮಸಿರಾಯನ ಗುಹೆ. ಒಳಗಿನ ಗೋಡೆಗೆ ಕೇತನ ನೆರಳನ್ನು ನೇತುಹಾಕಿದ್ದ. ಅದರ ಅಂಚು ಆಗಲೇ ಸವೆಯತೊಡಗಿತ್ತು. ಮಾಚಲೆ ಮಾಂತ್ರಿಕನ ಎದುರಿಗೆ ಹೋಗಿ ನಿಂತಳು.

“ನನ್ನ ಗಂಡನ್ನ ಕೊಡು,” ಎಂದಳು.

“ಚಿತ್ರಗಾತಿ ಅಲ್ಲವೇನೆ ನೀನು? ಬರ್ಕೊಂಡು ಹೋಗು!” ಎಂದು ಮಸಿರಾಯ ನಕ್ಕ. “ಅವನು ನಗ್ತಿದ್ದ ಹಾಗೇ ಬರೀಬೇಕು. ಆಗದಿದ್ರೆ ಅವನ ಪಕ್ಕದಲ್ಲಿ ನಿನ್ನನ್ನೂ ನೇತುಹಾಕ್ತೀನಿ.”

ಮಾಚಲೆ ಕೊನೆಯ ಹಾಳೆ ಹಾಸಿದಳು. ಕೇತನ ಮುಖ ಅವಳಿಗೆ ನೋಡಿ ಬರೆಯಬೇಕಾದ್ದೇ ಅಲ್ಲ. ಹಲ್ಲಿನ ಸಾಲು ಬಿಟ್ಟಳು, ಕಣ್ಣಿನ ಮಿಂಚು ಬಿಟ್ಟಳು, ಹೆಗಲ ಮೇಲಿನ ಬಿಸಿಲು ಬಿಟ್ಟಳು. ಉಳಿದೆಡೆಯೆಲ್ಲ ಕೆಮ್ಮಣ್ಣು ಕಾಡಿಗೆ ಸೇರಿಸಿ ಅವನ ದುಡಿದ ಮೈಯ ಬಣ್ಣ ತುಂಬಿದಳು. ಇನ್ನೊಂದು ಗಳಿಗೆಯಾಗಿದ್ದರೆ ಚಿತ್ರ ಉಸಿರಾಡುತ್ತಿತ್ತು.

ಮಸಿರಾಯ ಹತ್ತಿರ ಬಂದು ತನ್ನ ಹತ್ತು ಬೆರಳನ್ನೂ ಹಿಂಡಿದ. ಅವನ ಮೈಯೊಳಗಿನ ಮಸಿ ದಬದಬ ಸುರಿದು ಹಾಳೆಯ ತುಂಬ ಹರಡಿತು. ಹಲ್ಲು ಹೋಯಿತು, ಕಣ್ಣು ಹೋಯಿತು. ಅವಳು ಬಿಟ್ಟದ್ದೆಲ್ಲ ಹೋಯಿತು.

“ಈಗೇನು ಬಿಡ್ತೀಯೆ?” ಎಂದ. ಬುರುಡೆಯಿಂದ ಒಂದು ಬಟ್ಟಲಿಗೆ ಬಿಳುಪು ಬಗ್ಗಿಸಿ ಅವಳ ಮುಂದಿಟ್ಟ. ಹಾಲು, ಮಲ್ಲಿಗೆ, ಬೆಳದಿಂಗಳು ಎಲ್ಲ ಕೂಡಿದ ಬಿಳುಪು ಅದು. “ತಗೋ. ಮೇಲೆ ಬಳಿ. ಒಂದೇ ಸಲಕ್ಕೆ ಆಗಿಹೋಗತ್ತೆ.”

ಮಾಚಲೆಯ ಕೈ ಬಟ್ಟಲಿನವರೆಗೆ ಹೋಯಿತು. ಎಷ್ಟು ವರ್ಷದ ಅಭ್ಯಾಸ ಅದು! ಕೈಯನ್ನು ತಡೆದು ಹಿಂದಕ್ಕೆ ತಂದಳು.

“ಮೇಲೆ ಬಳಿದರೆ ಅದು ನಿನ್ನ ಬೆಳಕು. ನನ್ನದು ಅಡಿಯಲ್ಲಿದೆ,” ಎಂದಳು. “ಅಡಗಿದೆ, ಅಷ್ಟೇ. ಸತ್ತಿಲ್ಲ.”

ಚೊಕ್ಕ ನೀರಲ್ಲಿ ಕುಂಚ ಅದ್ದಿ ಮಸಿಯನ್ನು ನೆನೆಸಿದಳು. ಅದು ಸಡಿಲಾಗುವವರೆಗೆ ಕಾದಳು. ಸೆರಗಿನ ತುದಿಯನ್ನು ಮೇಲಿಟ್ಟು ಒತ್ತಿ ಎತ್ತಿದಳು. ಉಜ್ಜಲಿಲ್ಲ, ಉಜ್ಜಿದರೆ ಕಾಗದದ ನೂಲು ಏಳುತ್ತದೆ. ನೆನೆಸಿದಳು, ಕಾದಳು, ಒತ್ತಿದಳು. ಸೆರಗಿನ ಮಡಿಕೆ ಬದಲಿಸಿ ಮತ್ತೆ ಒತ್ತಿದಳು. ಕಪ್ಪು ತಿಳಿಯಾಯಿತು. ಕೆನ್ನೆಯ ಏರು ಕಂಡಿತು, ಹಣೆ ಕಂಡಿತು.

“ಅಯ್ಯೋ!” ಎಂದ ಮಸಿರಾಯ. ಹಾಳೆಯ ಮೇಲಿದ್ದದ್ದು ಅವನದೇ ಮೈಯ ಮಸಿ. ಒಂದೊಂದು ಒತ್ತಿಗೂ ಅವನು ತೆಳ್ಳಗಾಗುತ್ತಿದ್ದ. “ನಿಲ್ಲಿಸೇ! ಅರ್ಧ ಕೊಡ್ತೀನಿ! ಅರ್ಧ ಹಾಲು, ಅರ್ಧ ಚಂದ್ರ!”

“ಅರ್ಧ ಗಂಡನ್ನ ಇಟ್ಕೊಂಡು ನಾನೇನು ಮಾಡ್ಲಿ?” ಎಂದು ಮಾಚಲೆ ಮತ್ತೆ ಒತ್ತಿದಳು.

ಆದರೆ ಎಷ್ಟು ಎತ್ತಿದರೂ ಹಲ್ಲು, ಕಣ್ಣು ಮಂಕಾಗಿಯೇ ಇದ್ದವು. ಅಲ್ಲಿ ಮಸಿ ಕಾಗದದ ಮೈಗೆ ಇಳಿದಿತ್ತು. ಮಾಚಲೆ ಕೈಯ ಬಳೆಯೊಂದನ್ನು ಕಲ್ಲಿಗೆ ಕುಟ್ಟಿ ಒಡೆದಳು.

“ಗಂಡ ಇನ್ನೂ ಗೋಡೆ ಮೇಲಿರುವಾಗ್ಲೇ ಬಳೆ ಒಡ್ಕೊಂಡೆಯಾ!” ಎಂದ ಮಸಿರಾಯ. ಅವನ ದನಿ ಆಗಲೇ ಸೊಳ್ಳೆಯ ದನಿಯಷ್ಟಾಗಿತ್ತು.

“ಬಂದು ಅವನೇ ಹೊಸದು ತೊಡಿಸ್ತಾನೆ ಬಿಡು.”

ಬಳೆಚೂರಿನ ಮೊನೆಯಿಂದ ಕಣ್ಣಿನ ಮೇಲೆ ಒಂದು ಗೀರು ಎಳೆದಳು. ಕಾಗದದ ಮೇಲ್ಪದರ ಹಾರಿ ಒಳಗಿನ ಬಿಳುಪು ಮಿಂಚಿತು. ಇನ್ನೊಂದು ಕಣ್ಣು. ಆಮೇಲೆ ಹಲ್ಲು, ಒಂದೊಂದಾಗಿ. ಕೊನೆಯ ಹಲ್ಲು ಬೆಳಗಿದ್ದೇ ತಡ, ಗುಹೆಯ ಬಂಡೆಗಳು ಅದುರುವ ಹಾಗೆ ಒಂದು ನಗು ಕೇಳಿಸಿತು. ಮಾಚಲೆ ಬಿಕ್ಕಿಬಿಕ್ಕಿ ಅತ್ತಳು.

ಕೇತ ಹಾಳೆಯಿಂದ ಎದ್ದು ಬಂದ. ಗೋಡೆಯ ಮೇಲಿನ ನೆರಳು ಓಡಿಬಂದು ಅವನ ಕಾಲಡಿ ಸೇರಿತು. ಮಸಿರಾಯ ಸೆರಗಿನ ತುದಿಯ ಒಂದು ಕರೆಯಾಗಿ ಉಳಿದ. ಬುರುಡೆ ಉರುಳಿಬಿದ್ದು ಒಡೆಯಿತು. ಬಿಳುಪೆಲ್ಲ ಬೆಟ್ಟದಿಂದ ಧುಮುಕಿ ಹಾಲಿಗೆ, ಅಕ್ಕಿಗೆ, ನೊರೆಗೆ, ಕೊಕ್ಕರೆಗೆ, ಚಂದ್ರನಿಗೆ ತಲುಪಿತು. ರಾಜನ ಮೀಸೆಗೂ ತಲುಪಿತು, ಪಾಪ. ಕೋಣಕ್ಕೂ ಹೆಬ್ಬಾವಿಗೂ ಕಾವಲು ತಪ್ಪಿತು.

ಇಳಿಯುವ ದಾರಿಯಲ್ಲಿ ಕೇತ ತನ್ನ ಎಡ ಹೆಗಲನ್ನು ನೋಡಿಕೊಂಡ. ಬಿಸಿಲು ಮೈಮೇಲೆಲ್ಲ ಬಿದ್ದಿತ್ತು, ಆ ಹೆಗಲ ಮೇಲೆ ಮಾತ್ರ ನೆರಳಿತ್ತು.

“ಇದೇನೇ ಮಾಚಿ, ಇಲ್ಲಿ ಮರೆತುಬಿಟ್ಟೆಯಾ?”

“ಮರೆತಿಲ್ಲ. ಇನ್ನೊಂದು ಸಲ ಒತ್ತಿದ್ರೆ ಕಾಗದ ಹರೀತಿತ್ತು. ಅಷ್ಟಕ್ಕೇ ಸಾಕು ಅಂತ ಕೈ ತೆಗೆದೆ,” ಎಂದಳು ಮಾಚಲೆ.

ತೊರೆನಾಡಿನಲ್ಲಿ ಮಕ್ಕಳು ಹಾಲು ಕುಡಿದರು, ದೊಡ್ಡವರು ಬೆಳದಿಂಗಳಲ್ಲಿ ಕುಳಿತು ಊಟ ಮಾಡಿದರು, ಎಲ್ಲರೂ ಬಹುಕಾಲ ನೆಮ್ಮದಿಯಿಂದ ಬಾಳಿದರು. ಕೇತನ ಹೆಗಲ ನೆರಳು ಮಾತ್ರ ನಡುಮಧ್ಯಾಹ್ನದಲ್ಲೂ ಹೋಗಲಿಲ್ಲ. ಸುಡುಬಿಸಿಲಲ್ಲಿ ದೋಣಿ ದಾಟುವಾಗ ಮಾಚಲೆ ಆ ಹೆಗಲಿಗೇ ತಲೆ ಆನಿಸಿಕೊಂಡು ಕೂರುತ್ತಿದ್ದಳು. ಅಲ್ಲಿ ತಂಪಾಗಿರುತ್ತಿತ್ತು.