ಜಾರಿಬಿದ್ದ ‘ಗ’

ಸಮಸ್ತ ಶ್ರೋತೃಗಳಿಗೆ ತಿಳಿಯಪಡಿಸುವುದೇನೆಂದರೆ, ಇಂದು ಬೆಳಗ್ಗೆ ಹತ್ತೂಕಾಲಿಗೆ ರೆಕಾರ್ಡಿಂಗ್ ಸ್ಟುಡಿಯೋದ ಒಳಕೋಣೆಯಲ್ಲಿ ಒಂದು ‘ಗ’ ಜಾರಿಬಿದ್ದಿದೆ. ಸ್ವರಕ್ಕೇನೂ ಆಗಿಲ್ಲ. ಗಾಯವಾಗಿರುವುದು ಗಾಯಕಿಗೆ.

ಬೇಕೆಂದು ಜಾರಿದರೆ ಗಮಕ, ಗೊತ್ತಿಲ್ಲದೆ ಜಾರಿದರೆ ಗಾಬರಿ. ಅವಳದು ಎರಡನೆಯದು. ಹನ್ನೆರಡಕ್ಕೆ ಸಂಗೀತ ನಿರ್ದೇಶಕರು ಬಂದು ಹಾಡು ಕೇಳುತ್ತಾರೆ. ಹಿಡಿಸಿದರೆ ಅದು ಅವಳ ಮೊದಲ ಹಾಡು. ಹಿಡಿಸದಿದ್ದರೆ ಇನ್ಯಾರದೋ ಹಾಡು.

ಗಾಜಿನಾಚೆ ಕೂತ ರೆಕಾರ್ಡಿಸ್ಟ್ ತಲೆ ಎತ್ತಲಿಲ್ಲ.

“ಎರಡನೇ ಚರಣದ ‘ಗ’ ಸ್ವಲ್ಪ ಸರಿ ಮಾಡ್ತೀರಾ?” ಎಂದು ಕೇಳಿದಳು.

“ಅದು... ಅದನ್ನ ಸರಿ ಮಾಡೋಕಾಗಲ್ಲ, ಬಿಡಿ.”

ನೆಗಡಿಯವರ ದನಿಯನ್ನೂ ಇಸ್ತ್ರಿ ಮಾಡಿ ಕೊಡುವ ಮನುಷ್ಯ ಇವನು. ನನ್ನದು ಅಷ್ಟು ಕೆಟ್ಟದಾ? ಅಭ್ಯಾಸದ ಮೂರು ವಾರವೂ ಕೇಳದೆಯೇ ಬಿಸಿನೀರು ತಂದುಕೊಟ್ಟಿದ್ದು ಬರೀ ಗಂಟಲಿಗಾ?

ಅವಳು ಹೊರಗೆ ಹೋಗಿ ಅತ್ತಿಗೆಗೆ ಫೋನ್ ಮಾಡಿದಳು.

“ಬಿದ್ದಿದ್ದು ‘ಗ’ ತಾನೇ? ನೀನ್ಯಾಕೆ ಬಿದ್ದವಳ ಥರ ಮಾತಾಡ್ತೀಯ?” ಎಂದಳು ಅತ್ತಿಗೆ. “ನೀನೇ ತಿದ್ದು. ಟೈಪಿಂಗ್ ಬರುತ್ತಲ್ಲ ನಿಂಗೆ.”

ಮಹಾಯೋಜನೆ ಸಿದ್ಧವಾಯಿತು. ಅವನು ಚಹಾ ತರಲು ಇಳಿದ ಕೂಡಲೇ ಸ್ವರ ತಿದ್ದುವುದು, ಬ್ಯಾಗ್ ಎತ್ತುವುದು, ನಿರ್ದೇಶಕರು ಬರುವವರೆಗೆ ಮೆಟ್ಟಿಲ ಮೇಲೆ ಕೂರುವುದು, ಅವನ ಮುಖ ಮಾತ್ರ ಈ ಜನ್ಮದಲ್ಲಿ ನೋಡದಿರುವುದು.

ಹನ್ನೊಂದೂವರೆಗೆ ಅವನು ಇಳಿದ. ಅವಳು ಅವನ ಕುರ್ಚಿಯಲ್ಲಿ ಕೂತು ಹೆಡ್‌ಫೋನ್ ಹಾಕಿಕೊಂಡಳು.

ಶ್ರುತಿ ತಿದ್ದುವ ಆ ಸಾಫ್ಟ್‌ವೇರ್ ಹಳೆಯದು. ಹಾಡನ್ನು ಮೊದಲಿನಿಂದ ಕೊನೆಯವರೆಗೆ ಕೇಳಿಸಿಕೊಳ್ಳದೆ ಒಂದು ಸ್ವರವನ್ನೂ ಮುಟ್ಟುವುದಿಲ್ಲ. ಪೂರ್ತಿ ಕೇಳಿ ಆಮೇಲೆ ತಿದ್ದುವ ಹಿರಿಯರು ಈಗ ಸಿಗುವುದು ಕಂಪ್ಯೂಟರಿನಲ್ಲಿ ಮಾತ್ರ.

ಹಾಡು ನಾಲ್ಕು ನಿಮಿಷ. ಅವನ ಚಹಾ ಐದು ನಿಮಿಷ. ಈಗ ಅಂಗಡಿ ಮುಂದೆ ಇರ್ತಾನೆ... ಈಗ ಚಿಲ್ಲರೆ ಹುಡುಕ್ತಿರ್ತಾನೆ...

ಎರಡನೇ ಚರಣ ಬಂತು. ಅವಳ ದನಿಯ ಅಡಿಯಲ್ಲಿ ಇನ್ನೇನೋ ಕೇಳಿಸಿತು.

ಗುನುಗು. ಗಂಡು ದನಿ. ‘ಗ’ದಲ್ಲಿ ಅವಳು ಎಲ್ಲಿ ಜಾರಿದ್ದಳೋ, ಕೈ ಹಿಡಿದುಕೊಂಡಂತೆ ಅದೂ ಅಲ್ಲೇ ಜಾರಿತು.

ಹಾಡು ಮುಗಿಯಿತು. ಪರದೆಯ ಮೇಲೆ ಸೂಚನೆ ಬಂತು: ಒಂದಕ್ಕಿಂತ ಹೆಚ್ಚು ದನಿಗಳಿವೆ, ತಿದ್ದಲಾಗದು.

ಹೆಡ್‌ಫೋನ್ ತೆಗೆದು ತಿರುಗಿದಳು. ಎರಡು ಲೋಟ ಹಿಡಿದು ಅವನು ಬಾಗಿಲಲ್ಲೇ ನಿಂತಿದ್ದ.

“ನನ್ನ ಕಡೆ ಮೈಕ್ ಆಫ್ ಮಾಡಿದೀನಿ ಅಂದ್ಕೊಂಡಿದ್ದೆ. ನಾನು ಗುನುಗಿದ್ದೂ ರೆಕಾರ್ಡ್ ಆಗಿದೆ ಅಂತ ಬೆಳಗ್ಗೆ ತಿದ್ದೋಕೆ ಹೋದಾಗಲೇ ಗೊತ್ತಾಗಿದ್ದು.”

“ನಾನು ಜಾರೋ ಕಡೇನೇ ನೀವೂ ಜಾರಿದೀರ.”

“ಮೂರು ವಾರದಿಂದ ಜಾರ್ತಾನೇ ಇದೀನಿ.”

“ಬಾಯಿಬಿಟ್ಟು ಹೇಳೋಕೇನಾಗಿತ್ತು?”

“ನಡುಗೋ ದನಿ ತಿದ್ಕೊಂಡು ಹೇಳೋಣ ಅಂತ ಕಾಯ್ತಿದ್ದೆ.” ಅವನು ಲೋಟಗಳನ್ನು ಮೇಜಿನ ಮೇಲಿಟ್ಟ. “ತಿದ್ದೋಕಾಗಲ್ಲ. ಹೀಗೇ ಹೇಳ್ತೀನಿ. ನಿಮ್ಮನ್ನ ತುಂಬಾ ಇಷ್ಟಪಡ್ತೀನಿ.”

ಯೋಜನೆಯ ಪ್ರಕಾರ ಅವಳೀಗ ಬ್ಯಾಗ್ ಎತ್ತಬೇಕಿತ್ತು. ಗಡಿಯಾರ ನೋಡಿದಳು. ನಿರ್ದೇಶಕರು ಬರಲು ಇನ್ನೂ ಇಪ್ಪತ್ತು ನಿಮಿಷವಿತ್ತು.

“ಇನ್ನೊಂದ್ಸಲ ಹಾಡ್ತೀನಿ. ಮತ್ತೆ ಜಾರಿದ್ರೆ?”

“ಜೊತೆಗೆ ನಾನಿದೀನಲ್ಲ.”

ಅವಳು ಒಳಗೆ ಹೋಗಿ ನಿಂತು ಗಾಜಿನಾಚೆ ನೋಡಿದಳು. ಈ ಸಲ ಅವನು ತಲೆ ಎತ್ತಿದ್ದ.

“ಈಗಾದ್ರೂ ಆಫ್ ಮಾಡ್ಕೊಳ್ಳಿ.”

“ಬಾಯನ್ನಾ?”

“ಮೈಕನ್ನ.”